ಎರಡು ಸೂಜಿಯ ಹೊಲಿಗೆ

ಸಭೆಯ ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದರು. ಒಂದು, ಕಾರ್ಯದರ್ಶಿಯ ಹಳೇ ತೊಗಲಿನ ಕೈಚೀಲ. ಇನ್ನೊಂದು, ಹಿಟ್ಟಿನ ಗಿರಣಿಯವರ ಮನೆತನದ ಪುಸ್ತಕ. ಪುಸ್ತಕ ನೀರು ಕುಡಿದು ಉಬ್ಬಿತ್ತು. ಬೆನ್ನಿನ ಬಟ್ಟೆ ಕಳಚಿ ಹೊಲಿಗೆ ಹೊರಗೆ ಕಾಣುತ್ತಿತ್ತು.

"ಬಾ ಕತ್ತರಿ, ಹತ್ತಿರ ಬಾ," ಎಂದರು ಕಾರ್ಯದರ್ಶಿ. "ನಿನ್ನ ಕಣ್ಣು ಚುರುಕು. ಎರಡನ್ನೂ ನೋಡಿ ಹೇಳು."

ಬೀದಿಯಲ್ಲಿ ಅವನಿಗೆ ಕತ್ತರಿ ಎಂದೇ ಹೆಸರು. ಸಭೆಯ ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಕತ್ತರಿಸುವ ಯಂತ್ರ ಅವನದು. ನಾಲಿಗೆಯೂ ಅಷ್ಟೇ, ಬಿದ್ದರೆ ಎರಡು ತುಂಡು. ಇಪ್ಪತ್ತನಾಲ್ಕು ವರ್ಷದ ಹುಡುಗನಿಗೆ ಇರಬೇಕಾದ್ದಕ್ಕಿಂತ ಸಿಟ್ಟು ಹೆಚ್ಚು, ಆದರೆ ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ಸಭೆ ಅವನಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿತ್ತು. ಸಂಜೆ ಹೊತ್ತು ಜೊತೆಗಾರರ ಸಂಗಡ ಬೀದಿಯ ಬಾಯಲ್ಲಿ, ನಲ್ಲಿಯ ಪಕ್ಕ ನಿಲ್ಲುತ್ತಿದ್ದ. ತೊಗಲಿನ ಕೇರಿಯವರು ಆ ನಲ್ಲಿ ಮುಟ್ಟದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ.

ಸಭೆ ಎಂದರೆ ಮೇಲಿನ ಬೀದಿಯ ನೂರ ಹನ್ನೆರಡು ಮನೆತನ. ಮನೆತನಕ್ಕೊಂದು ಪುಸ್ತಕ. ಹುಟ್ಟಿದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಹಾಳೆ. ಹೆಸರು, ಹುಟ್ಟಿದ ಹೊತ್ತು, ಮೈಮೇಲಿನ ಗುರುತು, ಯಾರನ್ನು ಮದುವೆಯಾದರು, ಯಾವಾಗ ಸತ್ತರು. ಸಭೆಯ ಮಾತು ಮೀರಿದವರ ಹಾಳೆ ಕೀಳುತ್ತಿದ್ದರು. ಕಿತ್ತ ಮೇಲೆ ಆ ಮನುಷ್ಯ ಹುಟ್ಟಿಯೇ ಇಲ್ಲ. ಹೆತ್ತ ತಾಯಿಯೂ ಹೆಸರೆತ್ತುವ ಹಾಗಿಲ್ಲ. ಪುಸ್ತಕ ಹೊಲಿಯುವವನೂ ಹಾಳೆ ಕೀಳುವವನೂ ಮೂವತ್ತು ವರ್ಷದಿಂದ ಒಬ್ಬನೇ. ಕತ್ತರಿಯ ಅಪ್ಪ. ಕಿತ್ತ ಹಾಳೆಯನ್ನು ಅಂಗಡಿಯ ಅಂಟು ಕಾಯಿಸುವ ಒಲೆಗೆ ಹಾಕಬೇಕೆಂದು ನಿಯಮ.

ಹೋದ ವಾರ ಮಾಳಿಗೆಯ ನೀರಿನ ತೊಟ್ಟಿ ಸೋರಿ ಈ ಒಂದು ಪುಸ್ತಕ ನೆನೆದಿತ್ತು. ಅಪ್ಪ ಜ್ವರದಲ್ಲಿ ಮಲಗಿದ್ದ. ಹಾಗಾಗಿ ಕಾರ್ಯದರ್ಶಿ ತಾವೇ ಪುಸ್ತಕ ಒಣಗಿಸಲು ಹೋಗಿ ಬೆನ್ನಿನ ಬಟ್ಟೆ ಎಳೆದಿದ್ದರು. ಅಲ್ಲಿವರೆಗೆ ಅಪ್ಪನ ಹೊಲಿಗೆಯನ್ನು ಯಾರೂ ಬರಿಗಣ್ಣಲ್ಲಿ ನೋಡಿರಲಿಲ್ಲ.

ಕತ್ತರಿ ಬಗ್ಗಿ ನೋಡಿದ. ಒಂದೇ ಸೂಜಿಯಲ್ಲಿ ಹೊಲಿದರೆ ದಾರ ತೂತುಗಳ ನಡುವೆ ಒಂದು ಮನೆ ಬಿಟ್ಟು ಒಂದು ಮನೆಗೆ ಕಾಣುತ್ತದೆ. ಇಲ್ಲಿ ಹಾಗಿರಲಿಲ್ಲ. ಏಳು ತೂತು, ನಡುವೆ ಎಲ್ಲೂ ಬಿಡುವಿಲ್ಲದ ದಾರದ ಗೆರೆ. ತಿರುವಿ ಹಾಕಿದ. ಆ ಕಡೆಯೂ ಅದೇ. ಚೀಲದ ಪಟ್ಟಿ ನೋಡಿದ. ಅಲ್ಲೂ ಅದೇ.

"ಒಂದೇ ಹೊಲಿಗೆ," ಎಂದ.

"ಚೀಲ ಹೊಲಿದೋನು ಯಾರು ಗೊತ್ತಾ? ಸೇತುವೆ ಹತ್ತಿರ ಕೂರೋ ತೊಗಲಿನವನು. ದುಡ್ಡು ನೆಲಕ್ಕೆ ಹಾಕಿ ಕೇಳ್ದೆ, ಇದೇನಯ್ಯ ಈ ಥರ ಹೊಲಿಗೆ ಅಂತ. ಎರಡು ಸೂಜಿ ಸ್ವಾಮಿ, ಆ ಕಡೆಯಿಂದೊಂದು ಈ ಕಡೆಯಿಂದೊಂದು, ನಮ್ಮ ಕೇರಿಯೋರಿಗೆ ಬಿಟ್ಟು ಬೇರೆ ಯಾರಿಗೂ ಬರಲ್ಲ ಅಂತ ಹೆಮ್ಮೆಯಿಂದ ಹೇಳ್ದ." ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮಪ್ಪನಿಗೆ ಹೇಗಪ್ಪ ಬಂತು?"

ಕತ್ತರಿಗೆ ತಾನು ಒಂಬತ್ತು ವರ್ಷದವನಿದ್ದಾಗಿನದು ನೆನಪಾಯಿತು. ಅಪ್ಪ ಯಾವತ್ತೂ ಒಳಗಿಂದ ಅಗುಳಿ ಹಾಕಿಕೊಂಡು ಹೊಲಿಯುತ್ತಿದ್ದ. ಬಾಗಿಲ ಸಂದಿಯಿಂದ ನೋಡಿ ಕಲಿತು, ಒಂದು ರಟ್ಟಿನ ಚೂರಿನ ಮೇಲೆ ಎರಡು ಸೂಜಿ ಹಾಕಿ ಹೊಲಿದು ಅಪ್ಪನಿಗೆ ತೋರಿಸಿದ್ದ. ಅಪ್ಪ ಕೆನ್ನೆಗೆ ಹೊಡೆದ. ಜೀವಮಾನದಲ್ಲಿ ಅದೊಂದೇ ಏಟು. ದಾರ ದಂಡ ಮಾಡಿದ್ದಕ್ಕೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದ.

ಕಿಟಕಿಯ ಬಳಿ ಸಭೆಯ ಯಜಮಾನರು ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ತಿರುಗಿ ನೋಡದೆ ಮಾತಾಡಿದರು.

"ನಿನ್ನ ತಾಯಿ ನಮ್ಮವಳು. ನಿನ್ನ ಕೈಬಿಡೋ ಮನಸ್ಸು ನಮಗಿಲ್ಲ. ನಾಳೆ ಬೆಳಿಗ್ಗೆ ಬಾ. ನೂರ ಹನ್ನೆರಡು ಪುಸ್ತಕದ ಹೊಲಿಗೆನೂ ನಿನ್ನ ಕೈಯಾರೆ ಕತ್ತರಿಸು. ಬೇರೆ ಊರಿಂದ ಬೈಂಡರನ್ನ ಕರೆಸ್ತೀವಿ. ಅವನು ಹೊರಡ್ತಾನೆ. ನೀನು ಇರ್ತೀಯ. ಅಂಗಡಿ ನಿಂದು."

'ನಿಮ್ಮಪ್ಪ' ಎನ್ನಲಿಲ್ಲ. 'ಅವನು' ಎಂದರು. ಹಾಳೆ ಕೀಳುವ ಮೊದಲೇ ಕಿತ್ತಿದ್ದರು.

ಅಂಗಡಿಯ ಹಿಂದೆಯೇ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ಜ್ವರ ಬಿಟ್ಟು ಎದ್ದು ಕೂತು ದಾರಕ್ಕೆ ಮೇಣ ತಿಕ್ಕುತ್ತಿದ್ದ. ಹೆಬ್ಬೆರಳ ಬುಡದಲ್ಲಿ ದಾರ ಎಳೆದೆಳೆದು ಬಿದ್ದ ಕುಳಿ, ಬಟಾಣಿ ಕೂರುವಷ್ಟು. ಅಮ್ಮ ಒಲೆಯ ಮುಂದಿದ್ದಳು.

ದಾರಿಯುದ್ದಕ್ಕೂ ಹತ್ತು ಪ್ರಶ್ನೆ ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಹನ್ನೊಂದನೆಯದು.

"ಅಪ್ಪ, ಆ ಮುದುಕ ಯಾರು?"

ದಾರ ನಿಂತಿತು. "ಯಾವ ಮುದುಕ?"

"ನಲ್ಲಿ ಹತ್ತಿರ ನಾನು ತಳ್ಳಿದ್ನಲ್ಲ."

ಇಪ್ಪತ್ತು ದಿನದ ಹಿಂದಿನ ಮಾತು. ಬಿಳಿಚಿಕೊಂಡ ಕೈಗಳ ಮುದುಕ, ತೊಗಲು ನೆನೆಹಾಕುವ ಸುಣ್ಣದ ನೀರಲ್ಲಿ ಬೆಂದ ಕೈ, ದೂರದಿಂದಲೇ ಕೇರಿ ಯಾವುದೆಂದು ಹೇಳುವ ಕೈ. ಬೀದಿಯ ಬಾಯಲ್ಲಿ ನಿಂತು, ಬೈಂಡರು ಇದ್ದಾರಾ ಎಂದು ಕೇಳಿದ್ದ. ಜೊತೆಗಾರರು ನಕ್ಕಿದ್ದರು. ನಿನಗ್ಯಾವ ಪುಸ್ತಕ ಬೈಂಡ್ ಮಾಡಿಸ್ಬೇಕು ತಾತ, ದನದ್ದಾ, ಎಮ್ಮೆದಾ ಎಂದು ಕತ್ತರಿಯೇ ಕೇಳಿದ್ದ. ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಮುದುಕ ಬಾಯಾರಿ ನಲ್ಲಿಗೆ ಕೈ ಚಾಚಿದ. ಕತ್ತರಿ ಎರಡೂ ಕೈಯಲ್ಲಿ ಎದೆಗೆ ಕೊಟ್ಟು ತಳ್ಳಿದ. ಮುದುಕ ಕಲ್ಲಿನ ಮೇಲೆ ಬಿದ್ದ. ಮಂಡಿ ಹರಿದು ರಕ್ತ ಬಂತು. ಏನೂ ಅನ್ನದೆ ಎದ್ದು, ಕತ್ತರಿಯ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿ, ಕುಂಟುತ್ತ ಹೋದ. ತಿರುಗಿದಾಗ ಅಂಗಡಿಯ ಕಿಟಕಿಯಲ್ಲಿ ಅಪ್ಪನ ಮುಖ ಇತ್ತು. ಮರುಗಳಿಗೆ ಇರಲಿಲ್ಲ.

"ನನ್ನ ಅಣ್ಣ," ಎಂದ ಅಪ್ಪ. "ನಿನಗೆ ದೊಡ್ಡಪ್ಪ."

"ಯಾಕೆ ಬಂದಿದ್ದ?"

"ನಮ್ಮಮ್ಮ ತೀರಿಕೊಂಡ್ಲು ಅಂತ ಹೇಳೋಕೆ. ಮೂರು ದಿನ ಆದ್ಮೇಲೆ ಸೇತುವೆ ಹತ್ತಿರ ಮೇಣ ತರೋಕೆ ಹೋದಾಗ ಗೊತ್ತಾಯ್ತು. ಅಷ್ಟೊತ್ತಿಗೆ ಮಣ್ಣು ಮಾಡಿದ್ರು."

"ನೀನು ಕಿಟಕೀಲಿ ನಿಂತಿದ್ದೆ."

"ಹೌದು."

"ನೋಡ್ತಾ ನಿಂತಿದ್ದೆ."

"ಹೌದು."

"ನನ್ನ ಕೈಯಲ್ಲಿ ನಿನ್ನ ಅಣ್ಣನ್ನ ತಳ್ಳಿಸ್ದೆ."

ಅಪ್ಪ ಮೇಣದ ಗಟ್ಟಿಯನ್ನು ಕೆಳಗಿಟ್ಟ. "ತಳ್ಳಿಸಿದ್ದು ನಾನಲ್ಲ. ತಡೀಲಿಲ್ಲ. ಅಷ್ಟು ನಂದು. ಉಳಿದದ್ದು ನಿಂದು."

ಆಮೇಲೆ ಅಪ್ಪ ಹೇಳಿದ. ಹದಿನೇಳನೇ ವಯಸ್ಸಿಗೆ ಸೇತುವೆ ದಾಟಿದ್ದು. ಅಮ್ಮನ ಅಪ್ಪ ಆಗ ಸಭೆಯ ಬೈಂಡರು, ಬೆರಳು ಮರಗಟ್ಟಿ ಸೂಜಿ ಹಿಡಿಯಲಾಗದೆ ಕೂತಿದ್ದವನು. ಕೆಲಸ ಹೋದರೆ ಸಭೆ ಮನೆಯನ್ನೂ ಕಿತ್ತುಕೊಳ್ಳುತ್ತಿತ್ತು. ಕೆಲಸ ಬಲ್ಲ ಕೈ ಅವನಿಗೆ ಬೇಕಿತ್ತು, ಸುಣ್ಣದ ಗುಂಡಿಯಿಂದ ಹೊರಗಿನ ಬದುಕು ಇವನಿಗೆ ಬೇಕಿತ್ತು. ದೂರದೂರಿನ ತನ್ನ ತಂಗಿಯ ಮಗ ಎಂದು ಹೇಳಿ ಅಜ್ಜ ತನ್ನ ಮನೆತನದ ಪುಸ್ತಕದಲ್ಲಿ ಒಂದು ಹಾಳೆ ಬರೆದ. ಪೂರ್ತಿ ಸುಳ್ಳು ಹಾಳೆ. ಅಪ್ಪ ತನ್ನ ಕೈಯಿಂದಲೇ ಅದನ್ನು ಹೊಲಿದುಕೊಂಡ.

"ಅಮ್ಮನಿಗೆ?"

ಅಮ್ಮ ಒಲೆಯಿಂದ ತಿರುಗಲಿಲ್ಲ. "ಮದುವೆಯಾದ ಮೂರನೇ ದಿನ ನನ್ನ ಚಪ್ಪಲಿ ಕಿತ್ತುಹೋಯ್ತು. ಇವರು ಹೊಲಿದುಕೊಟ್ರು. ಅಂಥ ಹೊಲಿಗೆ ನಮ್ಮ ಬೀದೀಲಿ ಯಾವ ಗಂಡಸಿಗೂ ಬರಲ್ಲ. ಆವತ್ತೇ ಗೊತ್ತಾಯ್ತು. ಚಪ್ಪಲಿ ಇನ್ನೂ ಇದೆ, ಬೇಕಾದ್ರೆ ನೋಡು."

"ಗೊತ್ತಿದ್ದೂ ಸುಮ್ನಿದ್ಯಾ?"

"ಬರಿಗಾಲಲ್ಲಿ ನಡೀಬೇಕಿತ್ತಾ?"

ಕತ್ತರಿ ಗೋಡೆಗೆ ಗುದ್ದಿದ. ಸುಣ್ಣ ಉದುರಿತು. "ನೀವಿಬ್ರೂ ಬಚ್ಚಿಟ್ಕೊಂಡು ಬದುಕಿದ್ರಿ. ನನ್ನ ಮಾತ್ರ ಅವರ ನಾಯಿ ಮಾಡಿ ಬೀದಿ ಬಾಯಲ್ಲಿ ಕಟ್ಟಿಹಾಕಿದ್ರಿ. ನಾಳೆ ಹೋಗ್ತೀನಿ. ಕತ್ತರಿಸ್ತೀನಿ. ಎಲ್ಲಾನೂ ಕತ್ತರಿಸ್ತೀನಿ. ನೀನು ಹೊರಡು."

ಅಮ್ಮ ಏನೋ ಹೇಳಲು ಹೊರಟಳು. ಅಪ್ಪ ಕೈ ಎತ್ತಿ ತಡೆದ.

ಬೆಳಿಗ್ಗೆ ಕತ್ತರಿ ಎದ್ದಾಗ ಹೊಸಿಲ ಬಳಿ ಅಪ್ಪನ ಚಾಕು ಇತ್ತು, ಹೊಸದಾಗಿ ಮಸೆದಿದ್ದು. ಪಕ್ಕದಲ್ಲಿ ಮೇಣದ ದಾರದ ಉಂಡೆ, ಎರಡು ಸೂಜಿ ಚುಚ್ಚಿಟ್ಟ ಬಟ್ಟೆ. ಬೈಂಡರು ಕೆಲಸಕ್ಕೆ ಹೊರಡುವಾಗ ಕಟ್ಟಿಕೊಳ್ಳುವ ಗಂಟು ಪೂರ್ತಿ. ಅಪ್ಪ ಒಳಗಿನಿಂದ ಅಂದ, "ದಾರಕ್ಕೆ ಮಾತ್ರ ಚಾಕು ಹಾಕು. ರಟ್ಟಿಗೆ ತಾಗಿಸ್ಬೇಡ."

ಕತ್ತರಿ ಗಂಟನ್ನು ಎತ್ತಿಕೊಂಡು ಹೊರಟ.

ಪುಸ್ತಕದ ಕೋಣೆ ಸಭಾಮನೆಯ ಹಿಂಭಾಗದಲ್ಲಿತ್ತು. ಮೂರು ಗೋಡೆಗೂ ಕಬ್ಬಿಣದ ಕಪಾಟು, ನಡುವೆ ಮೇಜು, ಮೂಲೆಯಲ್ಲಿ ಚಳಿಗೆ ಇಟ್ಟ ಇದ್ದಿಲ ಒಲೆ. ಕಾರ್ಯದರ್ಶಿ ಪಟ್ಟಿ ಹಿಡಿದು ಕೂತಿದ್ದರು. ಯಜಮಾನರು ಕುರ್ಚಿಯಲ್ಲಿ. ಬಾಗಿಲಲ್ಲಿ ನಲ್ಲಿಯ ಜೊತೆಗಾರರು ನಾಲ್ಕು ಜನ. ಸಾಕ್ಷಿಗೆ.

ಮೊದಲು ಗಿರಣಿಯವರ ಪುಸ್ತಕ. ಕತ್ತರಿ ಮೊದಲ ಎರಡು ತೂತಿನ ನಡುವೆ ಚಾಕುವಿನ ಮೊನೆ ಹಾಕಿದ. ದಾರ ಸುಲಭಕ್ಕೆ ಬಗ್ಗಲಿಲ್ಲ. ಮೇಣ ಕುಡಿದ ದಾರ ತಂತಿಯಂತಿತ್ತು. ಒತ್ತಿದ. ಟಕ್ ಎಂದಿತು. ಹಾಳೆ ಅಲುಗಲಿಲ್ಲ. ಆ ಕಡೆಯ ದಾರ ಹಾಗೇ ಹಿಡಿದುಕೊಂಡಿತ್ತು. ಇನ್ನೊಂದು ಕತ್ತರಿಸಿದ. ಆಗಲೂ ಅಲುಗಲಿಲ್ಲ. ಬೆರಳು ಕೆಂಪಾಯಿತು. ಬೆವರು ಹಣೆಯಿಂದ ಇಳಿದು ಕಣ್ಣು ಉರಿಯಿತು.

"ಏನೋ, ನಿನ್ನ ಕೈಲೂ ಆಗಲ್ವಾ?" ಎಂದ ಬಾಗಿಲಲ್ಲಿದ್ದ ಒಬ್ಬ. "ತೊಗಲಿನವರ ಜಿಗುಟು ಅಂದ್ರೆ ಇದೇ ನೋಡು."

ಇನ್ನೊಬ್ಬ ನಕ್ಕ. ಇಪ್ಪತ್ತು ದಿನದ ಹಿಂದೆ ನಲ್ಲಿಯ ಬಳಿ ಕೇಳಿದ ನಗುವೇ ಅದು. ಆವತ್ತು ಕತ್ತರಿ ಅದರ ಒಳಗಿದ್ದ. ಇವತ್ತು ಹೊರಗಿದ್ದ. ಹೊರಗಿನಿಂದ ಕೇಳಿದರೆ ಆ ನಗು ಹೇಗಿರುತ್ತದೆ ಎಂಬುದು ಅವನಿಗೆ ಈಗ ಗೊತ್ತಾಯಿತು.

ಬಲ ಸಾಲದೆ ಪುಸ್ತಕವನ್ನು ತಿರುಗಿಸಿ ಹಿಡಿದ. ಆಗ ಹಿಂದಿನ ರಟ್ಟಿನ ಮೂಲೆ ಕಂಡಿತು. ನೀರಿಗೆ ಪದರ ಬಿಟ್ಟಿತ್ತು. ಅಪ್ಪ ರದ್ದಿ ಕಾಗದಗಳನ್ನು ಒಂದರ ಮೇಲೊಂದು ಅಂಟಿಸಿ, ಅದುಮಿ, ರಟ್ಟು ಮಾಡುತ್ತಿದ್ದ. ಆದರೆ ಪದರದ ನಡುವೆ ಕಂಡದ್ದು ರದ್ದಿಯಲ್ಲ. ದಪ್ಪ ಕಾಗದ. ಅದರ ಮೇಲೆ ಸಭೆಯ ಕಪ್ಪು ಶಾಯಿಯ ಕೈಬರಹ. ರಟ್ಟಿಗೆ ತಾಗಿಸ್ಬೇಡ ಎಂದಿದ್ದ ಅಪ್ಪ.

ಕತ್ತರಿ ರಟ್ಟಿನ ಮೂಲೆಗೆ ಚಾಕು ಹಾಕಿ ಸೀಳಿದ.

ನಾಲ್ಕು ಅಂಚಿಗೆ ಮಾತ್ರ ಅಂಟು ಹಾಕಿದ್ದ ಒಂದು ಹಾಳೆ ಇಡಿಯಾಗಿ ಹೊರಬಂತು. ಅಂಚಿನಲ್ಲಿ ಏಳು ತೂತು. ಗಿರಣಿಯವರ ಎರಡನೇ ಮಗಳದು. ಹೆಸರು, ಹುಟ್ಟಿದ ಹೊತ್ತು, ಬಲಗಾಲಲ್ಲಿ ಸುಟ್ಟ ಗುರುತು. ಕತ್ತರಿಗೆ ಎಂಟು ವರ್ಷವಿದ್ದಾಗ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹಾಕುವುದನ್ನು ಕಲಿಸಿದವಳು. ಕೆಳಗಿನ ಕೇರಿಯವನೊಬ್ಬನ ಸಂಗಡ ಹೋದಳೆಂದು ಅವಳ ಹಾಳೆ ಕಿತ್ತಿದ್ದರು. ಹೆಸರೆತ್ತಬೇಡ ಎಂದರು. ಅವನು ಎತ್ತಲಿಲ್ಲ. ಹದಿನಾರು ವರ್ಷದಲ್ಲಿ ಸಿಳ್ಳೆ ಉಳಿದು, ಕಲಿಸಿದವಳು ಅವನ ತಲೆಯಿಂದ ನಿಜವಾಗಿಯೂ ಅಳಿಸಿಹೋಗಿದ್ದಳು.

"ಏನದು?" ಎಂದರು ಕಾರ್ಯದರ್ಶಿ.

ಕತ್ತರಿ ಕಪಾಟಿನತ್ತ ನಡೆದ. ಅಪ್ಪನ ರಟ್ಟು ಎಂದರೆ ಎರಡೂವರೆ ಮಿಲಿಮೀಟರ್. ಹತ್ತು ವರ್ಷದಿಂದ ಅದನ್ನೇ ಕತ್ತರಿಸಿದವನ ಬೆರಳಿಗೆ ಅಳತೆಪಟ್ಟಿ ಬೇಕಿಲ್ಲ. ಸಾಲಿನಲ್ಲಿ ಬೆರಳಾಡಿಸಿದ. ಇದು ಸರಿ. ಇದೂ ಸರಿ. ಇದು ದಪ್ಪ. ತೆಗೆದು ಸೀಳಿದ. ಗಡಿಯಾರ ರಿಪೇರಿಯವರ ಕಿರಿಮಗ, ಸಭೆಯ ಶಾಲೆಯಲ್ಲಿ ಕೇಳಬಾರದ ಪ್ರಶ್ನೆ ಕೇಳಿದವನು. ಮುಂದಿನದು ದಪ್ಪ. ಸೀಳಿದ. ಗಂಡ ಹೊಡೆಯುತ್ತಾನೆಂದು ಸಭೆಗೆ ಬಂದು ಹೇಳಿ, ಹೇಳಿದ್ದಕ್ಕೇ ಹೊರಗಾದ ದರ್ಜಿಯವರ ಸೊಸೆ.

ಒಲೆಗೆ ಹಾಕಬೇಕಾದ್ದನ್ನು ಅಪ್ಪ ಒಂದನ್ನೂ ಹಾಕಿರಲಿಲ್ಲ. ಹಾಳೆ ಕೀಳು ಎಂದಾಗ ಕಿತ್ತಿದ್ದ. ಪುಸ್ತಕ ಬಿಚ್ಚಿ, ಅದೇ ಪುಸ್ತಕದ ರಟ್ಟಿನೊಳಗೆ ಇಟ್ಟು, ಮೇಲೆ ಬಟ್ಟೆ ಅಂಟಿಸಿ ವಾಪಸು ಕೊಟ್ಟಿದ್ದ. ಮೂವತ್ತು ವರ್ಷ ಯಜಮಾನರು ಆ ರಟ್ಟಿನ ಮೇಲೆ ಎಲ್ಲರ ಕೈಯಿಡಿಸಿ ಪ್ರಮಾಣ ಮಾಡಿಸಿದ್ದರು.

"ನಿಲ್ಲಿಸು," ಎಂದರು ಕಾರ್ಯದರ್ಶಿ.

ಕತ್ತರಿ ಯಜಮಾನರ ಮನೆತನದ ಪುಸ್ತಕ ಎಳೆದ. ದಪ್ಪವಿತ್ತು.

"ಅದು ಬೇಡ," ಎಂದರು ಯಜಮಾನರು. ಸ್ವರ ಸಣ್ಣಗಿತ್ತು.

ಸೀಳಿದ. ಹಾಳೆ ಹಳದಿಗೆ ತಿರುಗಿತ್ತು. ಕತ್ತರಿ ಗಟ್ಟಿಯಾಗಿ ಓದಿದ. ಯಜಮಾನರ ತಂಗಿ. ಹುಟ್ಟಿದ್ದು ಬೆಳಗಿನ ಹೊತ್ತು. ಎಡ ಕಿವಿಯ ಹಿಂದೆ ಮಚ್ಚೆ. ಅವರಿಗೊಬ್ಬಳು ತಂಗಿ ಇದ್ದಳೆಂದು ಆ ಕೋಣೆಯಲ್ಲಿದ್ದ ಹುಡುಗರಿಗೆ ಯಾರಿಗೂ ಗೊತ್ತಿರಲಿಲ್ಲ.

ಯಜಮಾನರು ಎದ್ದು ಬಂದರು. ಹಾಳೆ ಇಸಿದುಕೊಂಡರು. ಹೆಬ್ಬೆರಳು ಆ ಸಾಲಿನ ಮೇಲೆ ಹೋಯಿತು, ಬಂತು.

"ಬಲ ಕಿವಿ," ಎಂದರು. "ತಪ್ಪು ಬರೆದಿದ್ದಾರೆ."

ಯಜಮಾನರು ತಾವೇನು ಅಂದೆವೆಂದು ಆಗ ಕೇಳಿಸಿಕೊಂಡರು. ಮುಖ ಮುಚ್ಚಿದ ಬಾಗಿಲಾಯಿತು. ಹಾಳೆಯನ್ನು ಕತ್ತರಿಯತ್ತ ಚಾಚಿದರು.

"ಒಲೆಗೆ ಹಾಕು. ಎಲ್ಲಾ ಹಾಕು. ಆಮೇಲೆ ಕೆಲಸ ಮುಂದುವರಿಸು."

ಕತ್ತರಿ ಹಾಳೆ ತೆಗೆದುಕೊಂಡ. ಒಲೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಅಂಗಡಿ ಅವನದು, ಯಂತ್ರ ಅವನದು, ನಲ್ಲಿಯ ಪಕ್ಕದ ಜಾಗ ಅವನದು. ಬಾಗಿಲಲ್ಲಿ ಜೊತೆಗಾರರು ಕಾಯುತ್ತಿದ್ದರು.

ಅವನು ಮೇಜಿಗೆ ಕೂತ. ಯಜಮಾನರ ಪುಸ್ತಕ ತೆರೆದು, ಕೊನೆಯ ಹಾಳೆಯ ಮೇಲೆ ಇದನ್ನಿಟ್ಟ. ಏಳು ತೂತಿನ ಮೇಲೆ ಏಳು ತೂತು ಸರಿಯಾಗಿ ಕೂತವು. ಅಪ್ಪನ ಸೂಜಿ-ದಾರದ ಗಂಟು ಬಿಚ್ಚಿದ. ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿದ. ಹದಿನೈದು ವರ್ಷದ ಹಿಂದೆ ಏಟು ತಿಂದ ಕೆಲಸವನ್ನು ಕೈ ಮರೆತಿರಲಿಲ್ಲ. ಬಲಗೈ ಸೂಜಿ ಆ ಕಡೆಗೆ. ಎಡಗೈ ಸೂಜಿ ಅದೇ ತೂತಿನಿಂದ ಈ ಕಡೆಗೆ. ಎರಡೂ ಕೈ ಅಗಲಿಸಿ ಎಳೆದ. ದಾರ ಹೆಬ್ಬೆರಳ ಬುಡ ಕೊಯ್ಯಿತು.

"ಏನ್ ಮಾಡ್ತಿದ್ದೀಯ?" ಎಂದರು ಕಾರ್ಯದರ್ಶಿ.

"ಹೊಲೀತಿದ್ದೀನಿ."

"ಆ ಹೊಲಿಗೆ ಯಾರದ್ದು ಗೊತ್ತಾ?"

"ನಮ್ಮದು," ಎಂದ.

ಒಬ್ಬ ಬಂದು ಹೆಗಲು ಹಿಡಿದು ಎಳೆದ. ಕುರ್ಚಿ ಉರುಳಿತು. ಕತ್ತರಿ ನೆಲದ ಮೇಲೆ ಕೂತು ಪುಸ್ತಕ ತೊಡೆಗಿಟ್ಟುಕೊಂಡು ಹೊಲಿದ. ಬೆನ್ನಿಗೆ ಒದ್ದರು. ಹೊಲಿದ. ಐದನೇ ತೂತಿಗೆ ಕಿವಿಯ ಮೇಲೆ ಬಿತ್ತು. ಸೂಜಿ ಬೆರಳಿಗೆ ಹೊಕ್ಕಿತು. ಹಾಳೆಯ ಅಂಚಿಗೆ ರಕ್ತ ಹತ್ತಿತು. ಆರು. ಏಳು. ಗಂಟು ಹಾಕಿ ದಾರವನ್ನು ಹಲ್ಲಿನಲ್ಲಿ ಕಡಿದು ಪುಸ್ತಕವನ್ನು ಯಜಮಾನರ ಕಾಲ ಬಳಿ ಇಟ್ಟ.

"ಈಗ ಕೀಳಿ," ಎಂದ. "ಬರೀ ಹಾಳೆ ಬರಲ್ಲ. ಇಡೀ ಮನೆತನ ಹರಿದು ಬರುತ್ತೆ."

ಮಧ್ಯಾಹ್ನದೊಳಗೆ ಅಪ್ಪ ಮಗ ಇಬ್ಬರನ್ನೂ ಹೊರಹಾಕಿದರು. ಅಪ್ಪನ ತಲೆಯ ಮೇಲೆ ಅಂಟಿನ ಬಕೆಟ್ ಸುರಿದವನು ಮೊನ್ನೆಯವರೆಗೆ ಕತ್ತರಿಯ ತಟ್ಟೆಯಲ್ಲಿ ಉಂಡವನು. ಅಪ್ಪ ಕಣ್ಣಿನ ಮೇಲಿಂದ ಅಂಟು ಸವರಿ ತೆಗೆದ. "ತೊಗಲು ಬೇಯಿಸಿ ಮಾಡಿದ ಅಂಟು ಕಣಪ್ಪ," ಎಂದ ಆ ಹುಡುಗನಿಗೆ, ಮೆಲ್ಲಗೆ. "ನೀನು ಬರೆಯೋ ನೋಟ್ ಪುಸ್ತಕದಲ್ಲೂ ಇದೇ ಇರೋದು. ಕೈ ತೊಳ್ಕೋ."

ಕಾರ್ಯದರ್ಶಿ ಅಮ್ಮನ ಮುಂದೆ ನಿಂತರು. "ನೀನು ಇರಬಹುದಮ್ಮ. ಹೋದ್ರೆ ನಿನ್ನ ಹಾಳೆನೂ ಕೀಳಿಸ್ಬೇಕಾಗುತ್ತೆ."

"ಯಾರ ಕೈಲಿ ಕೀಳಿಸ್ತೀರಿ?" ಎಂದಳು ಅಮ್ಮ. "ಕೀಳೋಕೆ ಬರೋನು ಹೊರಟ್ನಲ್ಲ." ಹಳೇ ಚಪ್ಪಲಿ ಮೆಟ್ಟಿ ಮುಂದೆ ನಡೆದಳು.

ಸೇತುವೆ ದಾಟಿದ ಮೇಲೆ ಗಾಳಿ ಬದಲಾಯಿತು. ಸುಣ್ಣ, ಹಸಿ ತೊಗಲು, ನಿಂತ ನೀರು. ಕತ್ತರಿ ಮೂಗಿಗೆ ಕೈ ಒಯ್ದು, ಇಳಿಸಿಕೊಂಡ. ಕೇರಿಯ ಮೊದಲ ಮನೆಯ ಹತ್ತಿರ ಅಪ್ಪ, ಮೂವತ್ತು ವರ್ಷದ ಹಿಂದೆ ಬಿಟ್ಟ ಜಾಗದಲ್ಲಿ ಒಂದು ಕಲ್ಲು ಹಿಡಿದು ನಿಂತುಬಿಟ್ಟ. "ನನ್ನ ಕೈಲಾಗಲ್ಲ," ಎಂದ. "ಬಾಗಿಲು ಹಾಕಿಕೊಂಡ್ರೆ?"

ಕತ್ತರಿ ಒಬ್ಬನೇ ಹೋದ.

ಮುದುಕ ಅಂಗಳದಲ್ಲಿ ಮರದ ದಿಮ್ಮಿಯ ಮೇಲೆ ತೊಗಲು ಹರಡಿ, ಎರಡು ಹಿಡಿಯ ಕತ್ತಿಯಲ್ಲಿ ರೋಮ ಹೆರೆಯುತ್ತಿದ್ದ. ಮಂಡಿಗೆ ಬಟ್ಟೆ ಕಟ್ಟಿತ್ತು. ಹೆಜ್ಜೆ ಸದ್ದಿಗೆ ತಲೆಯೆತ್ತಿದ. ಬಿಸಿಲು ಕತ್ತರಿಯ ಬೆನ್ನ ಹಿಂದಿತ್ತು, ಮುಖ ಕಾಣುತ್ತಿರಲಿಲ್ಲ.

"ಯಾರಪ್ಪ?"

ನಿಮ್ಮ ತಮ್ಮನ ಮಗ ಎನ್ನಬಹುದಿತ್ತು. ಅದು ನಿಜ, ಅದು ಸುಲಭ.

"ನಿಮ್ಮನ್ನ ತಳ್ಳಿದೋನು," ಎಂದ ಕತ್ತರಿ.

ಮುದುಕ ಕತ್ತಿ ನಿಲ್ಲಿಸಿದ. ಹುಡುಗನ ಹರಿದ ಕಿವಿ ನೋಡಿದ, ರಕ್ತ ಒಣಗಿದ ಬೆರಳು ನೋಡಿದ, ದೂರದಲ್ಲಿ ಕಲ್ಲು ಹಿಡಿದು ನಿಂತವನನ್ನೂ ಅವನ ಪಕ್ಕದ ಹೆಂಗಸನ್ನೂ ನೋಡಿದ. ಮತ್ತೆ ತೊಗಲಿನ ಮೇಲೆ ಬಗ್ಗಿದ.

"ಗೊತ್ತು," ಎಂದ. "ಅವತ್ತೇ ಗೊತ್ತಾಯ್ತು, ಮುಖ ನಮ್ಮಪ್ಪಂದು. ಅವರನ್ನ ಬರೋಕೆ ಹೇಳು, ನೀರು ಕುಡೀಲಿ." ಕತ್ತಿ ಒಂದು ಸಲ ಮೇಲಿಂದ ಕೆಳಗೆ ಬಂತು. "ನಿನ್ನ ಕೂತ್ಕೋ ಅನ್ನೋಕೆ ನನಗಿನ್ನೂ ಮನಸ್ಸಿಲ್ಲ. ನಿಂತಿರು."

ಕತ್ತರಿ ನಿಂತ.